ಸರ್ವಿಸ್‌ಗೆ 3,215 ರೂಪಾಯಿ ಕೊಟ್ಟೆ, ಚೈನ್ ಮುಟ್ಟಿಯೇ ಇಲ್ಲ. ಮಂಗಳೂರು-ಉಡುಪಿ ಕಡೆಯವರು ಬೈಕ್ ಎಲ್ಲಿ, ಹೇಗೆ ಸರ್ವಿಸ್ ಮಾಡಿಸುತ್ತೀರಿ?

ಕೂಳೂರು ಸವಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಹೇಳಿ.

ನನ್ನದು 150 ಸಿಸಿ ಬೈಕ್, 2021ರದ್ದು, 52 ಸಾವಿರ ಕಿಲೋಮೀಟರ್ ಓಡಿದೆ. ದಿನಾ ಕೂಳೂರಿನಿಂದ ಮುಡಿಪಿಗೆ ಕೆಲಸಕ್ಕೆ ಹೋಗುತ್ತೇನೆ. ನಂತೂರು, ಪಂಪ್‌ವೆಲ್, ತೊಕ್ಕೊಟ್ಟು ದಾಟಿ ಹೋಗಿ ಬರುವಾಗ ಐವತ್ತು ಕಿಲೋಮೀಟರ್ ಆಸುಪಾಸು ಆಗುತ್ತದೆ. ಮಳೆಗಾಲ ಪೂರ್ತಿ ಇದೇ ಗಾಡಿಯಲ್ಲಿ ಓಡಾಡಿದ್ದೇನೆ. ಮಳೆ ಬಿಟ್ಟ ಮೇಲೆ ಸರ್ವಿಸ್ ಆಗಲಿ ಅಂತ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಬಿಟ್ಟೆ. ಯಾವುದು ಅಂತ ಕೇಳಬೇಡಿ, ಹೆಸರು ಹಾಕುವುದಿಲ್ಲ.

ಸಂಜೆ ಬಿಲ್ ಕೊಟ್ಟರು. ಎಂಜಿನ್ ಆಯಿಲ್ 560, ಆಯಿಲ್ ಫಿಲ್ಟರ್ 95, ಏರ್ ಫಿಲ್ಟರ್ 240, ಸ್ಪಾರ್ಕ್ ಪ್ಲಗ್ 130, ಹಿಂದಿನ ಬ್ರೇಕ್ ಶೂ 310. ಇಷ್ಟು ಸರಿ, ಬೇಕಾದದ್ದೇ. ಆಮೇಲೆ ಆಯಿಲ್‌ಗೆ ಹಾಕುವ ಅಡಿಟಿವ್ ಅಂತ 320, ಕನ್ಸ್ಯೂಮೇಬಲ್ಸ್ ಅಂತ 85. ಲೇಬರ್ 650, ಚೈನ್ ಕ್ಲೀನ್ ಮತ್ತು ಅಡ್ಜಸ್ಟ್ 150, ಬಾಡಿ ಕೋಟಿಂಗ್ 450. ಈ ಕೊನೆಯ ಮೂರಕ್ಕೆ ಶೇ 18 ಜಿಎಸ್‌ಟಿ ಬೇರೆ, ಅದೇ 225 ಆಯಿತು. ಒಟ್ಟು 3,215.

ಗಾಡಿ ಪಳಪಳ ಹೊಳೆಯುತ್ತಿತ್ತು. ಖುಷಿಯಲ್ಲಿ ಹೊರಟೆ. ಕೊಟ್ಟಾರ ಚೌಕಿ ಹತ್ತಿರ ಹಂಪ್ ಹಾರಿದಾಗ ಚೈನ್ ಟಪ್ ಅಂತ ಸದ್ದು ಮಾಡಿತು. ಸರ್ವಿಸ್‌ಗೆ ಬಿಡುವ ಮೊದಲು ಇದ್ದ ಅದೇ ಸದ್ದು. ಮನೆಗೆ ಬಂದು ಟಾರ್ಚ್ ಹಿಡಿದು ಕೂತೆ. ಹಿಂದಿನ ಚಕ್ರದ ಆಕ್ಸಲ್ ಪಕ್ಕ ಚೈನ್ ಅಡ್ಜಸ್ಟ್ ಮಾಡುವ ಬೋಲ್ಟ್ ಇರುತ್ತದಲ್ಲ, ಅದರ ಥ್ರೆಡ್ಡಿನ ಸಂದಿಯಲ್ಲಿ ಜೂನ್ ತಿಂಗಳ ಕೆಂಪು ಕೆಸರು ಒಣಗಿ ಕಲ್ಲಿನ ಹಾಗೆ ಕೂತಿತ್ತು. ವಾಟರ್ ವಾಶ್‌ಗೂ ಹೋಗದ ಮಣ್ಣು. ಆ ನಟ್ಟಿಗೆ ಸ್ಪ್ಯಾನರ್ ತಾಗಿದ್ದರೆ ಮಣ್ಣು ಒಡೆದು ಉದುರಬೇಕಿತ್ತು. ಒಂದು ಗೀರು ಕೂಡ ಇರಲಿಲ್ಲ. ಚೈನಿನ ಕೆಳಭಾಗ ಬೆರಳಲ್ಲಿ ಒತ್ತಿದರೆ ಎರಡು ಇಂಚು ಆಡುತ್ತಿತ್ತು. ನನ್ನ ಗಾಡಿಯ ಕೈಪಿಡಿಯಲ್ಲಿ ಹೇಳಿರುವುದು 25ರಿಂದ 35 ಮಿಲಿಮೀಟರ್.

ದುಡ್ಡು ಹೋಯಿತು ಅನ್ನುವುದಕ್ಕಿಂತ, ಮಾಡಿದ್ದೇವೆ ಅಂತ ಬಿಲ್ಲಿನಲ್ಲಿ ಬರೆದರಲ್ಲ, ಅದು ನನಗೆ ತಡೆಯಲು ಆಗುತ್ತಿಲ್ಲ. ಹೈವೇಯಲ್ಲಿ ಲಾರಿ ಪಕ್ಕ ಹೋಗುವಾಗ ಚೈನ್ ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ಏನು ಗತಿ? ನೀವೆಲ್ಲ ಕಂಪನಿಯಲ್ಲೇ ಮಾಡಿಸುತ್ತೀರಾ, ಹೊರಗೆ ಗ್ಯಾರೇಜಿನಲ್ಲಿ ಮಾಡಿಸುತ್ತೀರಾ? ಎಷ್ಟು ಕೊಡುತ್ತೀರಿ? ಕೊಟ್ಟದ್ದಕ್ಕೆ ಏನು ಸಿಗುತ್ತದೆ?

ಮಣಿಪಾಲ 110

ಕಂಪನಿ ಬಿಡಿ ಬ್ರೋ. ನಾನು ಹಾಸ್ಟೆಲ್ ಪಾರ್ಕಿಂಗಿನಲ್ಲೇ ಆಯಿಲ್ ಚೇಂಜ್ ಮಾಡುತ್ತೇನೆ. ಆಯಿಲ್ 400 ಚಿಲ್ಲರೆ, ಒಂದು ಸ್ಪ್ಯಾನರ್, ಒಂದು ಹಳೆ ಬಕೆಟ್. ಅರ್ಧ ಗಂಟೆ ಸಾಕು. ಲೇಬರ್ ಸೊನ್ನೆ. ಚೈನಿಗೆ ಸೀಮೆಎಣ್ಣೆ, ಹಳೆ ಟೂತ್‌ಬ್ರಷ್, ಆಮೇಲೆ 90 ನಂಬರ್ ಗೇರ್ ಆಯಿಲ್. ಅಷ್ಟೇ.

ಹಳೆ ಸ್ಪ್ಯಾನರ್

ಕೂಳೂರಿನವರೇ, ನಾನು ಉಡುಪಿ ಕಿನ್ನಿಮೂಲ್ಕಿ ಕಡೆಯವನು. ಮೂವತ್ತು ವರ್ಷ ಗ್ಯಾರೇಜ್ ನಡೆಸಿ ಈಗ ಮಗನಿಗೆ ಬಿಟ್ಟಿದ್ದೇನೆ. ನಿಮ್ಮ ಬಿಲ್ ಎರಡು ಸಲ ಓದಿದೆ.

ಮೊದಲು ಒಂದು ಮಾತು. 650 ಲೇಬರ್ ಜಾಸ್ತಿ ಅಲ್ಲ. ಒಬ್ಬ ತಿಳಿದವನು ಒಂದು ಗಂಟೆ ನಿಮ್ಮ ಗಾಡಿಯ ಪಕ್ಕ ಕೂತು ಕೆಲಸ ಮಾಡಿದರೆ ಅದು ನ್ಯಾಯವಾದ ಕೂಲಿ. ಆ ಒಂದು ಗಂಟೆ ನಿಮಗೆ ಸಿಗಲಿಲ್ಲ, ಅಲ್ವಾ, ತೊಂದರೆ ಇರುವುದು ಅಲ್ಲಿ. ಆಯಿಲ್ ಯಾರೂ ಸುರಿಯಬಹುದು, ಮಣಿಪಾಲದ ಹುಡುಗ ಸುರಿಯುತ್ತಿದ್ದಾನೆ, ತಪ್ಪಿಲ್ಲ. ಸರ್ವಿಸ್ ಅಂದರೆ ಮುಟ್ಟಿ ನೋಡುವುದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ನಿಧಾನ ಆಚೀಚೆ ತಿರುಗಿಸಬೇಕು. ನಡುವಲ್ಲಿ ಒಂದು ಕಡೆ ಕಟ್ ಅಂತ ಹಿಡಿದ ಹಾಗೆ ಆದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ಬುಡದ ಬೇರಿಂಗ್, ಹೋಗಿದೆ ಅಂತ. ಫೋರ್ಕಿನ ಕೆಳಗೆ ಹಿಡಿದು ಹಿಂದೆ ಮುಂದೆ ಎಳೆದರೆ ಸಡಿಲ ಇದೆಯಾ ಅಂತ ಕೈಗೆ ಗೊತ್ತಾಗುತ್ತದೆ. ಚಕ್ರ ತಿರುಗಿಸಿ ಕಿವಿ ಕೊಟ್ಟರೆ ಬೇರಿಂಗ್ ಗರಗರ ಅನ್ನುತ್ತದಾ ಅಂತ ಗೊತ್ತಾಗುತ್ತದೆ. ಬ್ರೇಕ್ ಶೂ ಹೊಸತು ಹಾಕಿದರೆ ಸಾಲದು, ಡ್ರಮ್ಮಿನ ಒಳಗಿನ ದೂಳು ತೆಗೆದು, ಶೂಗಳನ್ನು ಅಗಲಿಸುವ ಕ್ಯಾಮ್ ಬಿಚ್ಚಿ ಒರೆಸಿ ಚೂರು ಗ್ರೀಸ್ ಹಾಕಬೇಕು. ನಮ್ಮ ಮಳೆಯಲ್ಲಿ ಆ ಕ್ಯಾಮ್ ತುಕ್ಕು ಹಿಡಿದು ಬಿಗಿಯಾಗುತ್ತದೆ. ಪೆಡಲ್ ಬಿಟ್ಟರೂ ಬ್ರೇಕ್ ಬಿಡುವುದಿಲ್ಲ. ಮೈಲೇಜ್ ಬರುವುದಿಲ್ಲ ಅಂತ ಜನ ಬರುತ್ತಾರೆ, ನೋಡಿದರೆ ಬ್ರೇಕ್ ಹಿಡಿದುಕೊಂಡೇ ಓಡುತ್ತಿರುತ್ತದೆ.

ಆಮೇಲೆ ಟ್ಯಾಪೆಟ್, ಅಂದರೆ ಎಂಜಿನ್ ವಾಲ್ವನ್ನು ತಳ್ಳುವ ಭಾಗದ ಸಂದಿ. ಸಣ್ಣ ಬೈಕುಗಳಲ್ಲಿ ವಾಲ್ವ್ ಸಂದಿ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ಮಾತ್ರ. ಎಂಜಿನ್ ಪೂರ್ತಿ ತಣ್ಣಗಿರುವಾಗ ಫೀಲರ್ ಗೇಜ್ ಅನ್ನುವ ತೆಳು ಅಳತೆ ಪಟ್ಟಿ ಹಾಕಿ ನೋಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಓಡಿಸಿಕೊಂಡು ಬಂದು ಬಿಟ್ಟ ಗಾಡಿಯನ್ನು ಒಂಬತ್ತೂವರೆಗೆ ಬಿಚ್ಚಿದರೆ ಅಳತೆ ಸರಿ ಬರುವುದಿಲ್ಲ. ಅದಕ್ಕೇ ನಾನು ಟ್ಯಾಪೆಟ್ ಕೆಲಸ ಇದ್ದರೆ ಹಿಂದಿನ ರಾತ್ರಿಯೇ ಬಿಡಲು ಹೇಳುತ್ತಿದ್ದೆ.

ಬಾಡಿ ಕೋಟಿಂಗ್, ಅಡಿಟಿವ್, ಕನ್ಸ್ಯೂಮೇಬಲ್ಸ್ ಮೂರೂ ನಿಮಗೆ ಬೇಕಿರಲಿಲ್ಲ. ಕೋಟಿಂಗ್ ಜಿಎಸ್‌ಟಿ ಸೇರಿ 531, ಉಳಿದದ್ದು 405. ಅಂದರೆ 936 ರೂಪಾಯಿ ಸುಮ್ನೆ ಹೋಯಿತು. ಅದೇ ದುಡ್ಡಲ್ಲಿ ಕೋನ್ ಸೆಟ್ ಹಾಕಿಸಬಹುದಿತ್ತು. ಜನ ಹೊರಗಿನ ಗ್ಯಾರೇಜಿಗೆ ಬಂದು ಐವತ್ತು ರೂಪಾಯಿ ಕೂಲಿಗೆ ಚೌಕಾಸಿ ಮಾಡುತ್ತಾರೆ, ಅಲ್ಲಿ ಹೋಗಿ ಹೊಳಪಿಗೆ ಐನೂರು ಕೊಟ್ಟು ಬರುತ್ತಾರೆ. ನನಗೆ ಇದು ಬಹಳ ಬೇಸರದ ವಿಷಯ.

ಮಲ್ಪೆ ಬಂದರು

@ಮಣಿಪಾಲ 110, ಆಯಿಲ್ ತೆಗೆದು ಹಳೆ ಆಯಿಲ್ ಎಲ್ಲಿಗೆ ಹಾಕುತ್ತೀರಿ ತಮ್ಮ?

ಮಣಿಪಾಲ 110

ಹಿಂದೆ ಚರಂಡಿ ಇದೆ, ಅಲ್ಲಿಗೆ.

ಮಲ್ಪೆ ಬಂದರು

ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಕಡೆ ಮನೆಮನೆಗೂ ಬಾವಿ ಉಂಟು, ಕುಡಿಯುವುದು ಅದೇ ನೀರು. ಕೆಂಪು ಕಲ್ಲಿನ ನೆಲ, ತೂತು ತೂತು, ಮೇಲೆ ಸುರಿದದ್ದು ಇಳಿದು ಹೋಗಲು ಹೊತ್ತು ಬೇಡ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಅಡಿ ಬರುತ್ತದೆ. ಹಳೆ ಆಯಿಲ್ ಕ್ಯಾನಿಗೇ ತುಂಬಿಸಿ, ಹತ್ತಿರದ ಗ್ಯಾರೇಜಿನಲ್ಲಿ ಡ್ರಮ್ ಇರುತ್ತದೆ, ಕೇಳಿ ಹಾಕಿ ಬನ್ನಿ. ಯಾರೂ ಬೇಡ ಅನ್ನುವುದಿಲ್ಲ, ಅದನ್ನು ಕೊಂಡುಹೋಗುವವರು ಇದ್ದಾರೆ.

ಸರ್ವಿಸ್ ವಿಷಯಕ್ಕೆ ಬಂದರೆ ನನ್ನದು ಬೇರೆ ಕಥೆ. ಬಂದರಿನಲ್ಲಿ ಕೆಲಸ, ಬೆಳಗ್ಗೆ ನಾಲ್ಕಕ್ಕೆ ಗಾಡಿ ತೆಗೆಯಬೇಕು. ಮೀನಿನ ಲಾರಿಯಿಂದ ಉಪ್ಪು ನೀರು ರಸ್ತೆಯಲ್ಲಿ ಸುರಿಯುತ್ತಾ ಹೋಗುತ್ತದೆ, ನಾವು ಅದರ ಮೇಲೇ ಓಡಿಸುವುದು. ಊರೊಳಗಿನವರ ಗಾಡಿಗೆ ಐದು ವರ್ಷಕ್ಕೆ ಬರುವ ತುಕ್ಕು ನಮ್ಮ ಗಾಡಿಗೆ ಎರಡು ವರ್ಷಕ್ಕೇ ಬರುತ್ತದೆ. ಸೈಲೆನ್ಸರಿನ ಅಡಿಭಾಗ, ಸ್ಟ್ಯಾಂಡಿನ ಸ್ಪ್ರಿಂಗ್, ರಿಮ್ಮಿನ ಸ್ಪೋಕ್ ಬುಡ, ಎಲ್ಲ ಕಡೆ. ನಾನು ಮನೆಗೆ ಬಂದ ಕೂಡಲೇ ಸಿಹಿ ನೀರು ಹಾಕಿ ತೊಳೆಯುತ್ತೇನೆ, ಸೋಪೂ ಬೇಡ. ಕಂಪನಿ ಕೈಪಿಡಿಯಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಸಮುದ್ರದ ಬದಿಯವರಿಗೆ ಸಾಲುವುದಿಲ್ಲ. ನಾನು ವರ್ಷಕ್ಕೆ ಎರಡು ಸಲ ಮಾಡಿಸುತ್ತೇನೆ, ಮಳೆಗೆ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ.

ಮಣಿಪಾಲ 110

ಸರಿ ಅಣ್ಣ, ಗೊತ್ತಿರಲಿಲ್ಲ. ಇನ್ನು ಕ್ಯಾನಿಗೆ ತುಂಬಿಸಿ ಇಡುತ್ತೇನೆ.

ಕಾಪು ಟೀಚರ್

ನನ್ನದು ಬೈಕ್ ಅಲ್ಲ, ಸ್ಕೂಟರ್. ಆದರೂ ಬರೆಯುತ್ತೇನೆ, ಯಾಕೆಂದರೆ ಹೆಂಗಸರು ಗಾಡಿ ಬಿಡಲು ಹೋದರೆ ಮಾತಾಡುವ ರೀತಿಯೇ ಬೇರೆ. "ಮೇಡಂ ಎಲ್ಲ ನೋಡುತ್ತೇವೆ, ಸಂಜೆ ಬನ್ನಿ" ಅಷ್ಟೇ. ಏನು ಎಲ್ಲ? ಎರಡು ಸಲ ಹಾಗೇ ಆಯಿತು. ಮೂರನೇ ಸಲ ನಾನು ಕೈಪಿಡಿಯ ಸರ್ವಿಸ್ ಪುಟದ ಫೋಟೋ ತೋರಿಸಿ ಗೇರ್ ಆಯಿಲ್ ಬದಲಾಯಿಸಿದ್ದೀರಾ ಅಂತ ಕೇಳಿದೆ. ಸ್ಕೂಟರಿನಲ್ಲಿ ಎಂಜಿನ್ ಆಯಿಲ್ ಬೇರೆ, ಹಿಂದಿನ ಚಕ್ರದ ಬಳಿ ಗೇರ್ ಆಯಿಲ್ ಬೇರೆ. ಬೇಕಾಗುವುದು ನೂರು ನೂರಿಪ್ಪತ್ತು ಎಂಎಲ್, ಅಷ್ಟೇ. ಆದರೆ ಎಂಟು ವರ್ಷ ಹಳೆಯ ನನ್ನ ಗಾಡಿಯಲ್ಲಿ ಅದನ್ನು ಒಮ್ಮೆಯೂ ಬದಲಾಯಿಸಿರಲಿಲ್ಲ. ತೆಗೆದಾಗ ಕಪ್ಪು ಬೆಲ್ಲದ ಪಾಕದ ಹಾಗೆ ಬಂತು. ಬೆಲ್ಟ್ ಕೂಡ ನೋಡಲು ಹೇಳಿದೆ. ಒಳಬದಿಯಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಪಡುಬಿದ್ರಿ ಹೈವೇಯಲ್ಲಿ ಬೆಲ್ಟ್ ತುಂಡಾದರೆ ಆಕ್ಸಿಲರೇಟರ್ ಎಷ್ಟು ತಿರುಗಿಸಿದರೂ ಗಾಡಿ ಮುಂದೆ ಹೋಗುವುದಿಲ್ಲ. ಮಳೆಯಲ್ಲಿ ಒಬ್ಬಳೇ ನಿಂತುಕೊಳ್ಳಬೇಕು.

ಈಗ ನಾನು ಕಾಗದದಲ್ಲಿ ಬರೆದುಕೊಂಡೇ ಹೋಗುವುದು. ಅವರು ಮುಖ ಸಣ್ಣ ಮಾಡಿದರೂ ಪರವಾಗಿಲ್ಲ.

ಜಾಬ್ ಕಾರ್ಡ್

ನಾನು ನಾಲ್ಕು ವರ್ಷ ಸರ್ವಿಸ್ ಅಡ್ವೈಸರ್ ಆಗಿದ್ದೆ, ಅಂದರೆ ಗಾಡಿ ಬಿಡಲು ಬಂದವರ ಹತ್ತಿರ ಮಾತಾಡಿ ಕೆಲಸ ಬರೆದುಕೊಳ್ಳುವುದು. ಈಗ ಬೇರೆ ಕೆಲಸದಲ್ಲಿದ್ದೇನೆ. ಒಳಗಿನ ವಿಷಯ ಹೇಳುತ್ತೇನೆ, ಯಾರನ್ನೂ ದೂರಲು ಅಲ್ಲ.

ನಾನಿದ್ದ ಕಡೆ ಒಬ್ಬ ಮೆಕ್ಯಾನಿಕ್‌ಗೆ ದಿನಕ್ಕೆ ಎಂಟರಿಂದ ಹತ್ತು ಗಾಡಿ. ಅಡ್ವೈಸರ್‌ಗೆ ಕೋಟಿಂಗ್, ಅಡಿಟಿವ್ ಇಂಥದ್ದರಲ್ಲಿ ತಿಂಗಳ ಟಾರ್ಗೆಟ್. ಚೈನ್ ಸರಿಯಾಗಿ ಅಡ್ಜಸ್ಟ್ ಮಾಡಿದರೆ ಯಾರಿಗೂ ಪಾಯಿಂಟ್ ಇಲ್ಲ, ಕೋಟಿಂಗ್ ಮಾರಿದರೆ ಇದೆ. ಹುಡುಗರು ಕೆಟ್ಟವರಲ್ಲ. ಎಂಟು ಗಾಡಿ ಮುಗಿಸಬೇಕಾದರೆ ಎಲ್ಲಿ ಕೈ ಬಿಡುತ್ತಾರೆ? ಕಣ್ಣಿಗೆ ಕಾಣದ ಕಡೆ. ಆಯುಧ ಪೂಜೆಯ ಹಿಂದಿನ ವಾರ ಅಂತೂ ಗಾಡಿಗಳ ಸಾಲು ರಸ್ತೆಗೆ ಬರುತ್ತಿತ್ತು. ಆ ವಾರ ದಯವಿಟ್ಟು ಸರ್ವಿಸ್‌ಗೆ ಬಿಡಬೇಡಿ. ಮನೆಯಲ್ಲೇ ತೊಳೆದು ಹೂ ಹಾಕಿ ಪೂಜೆ ಮಾಡಿ, ಹದಿನೈದು ದಿನ ಬಿಟ್ಟು ಬನ್ನಿ.

ಜಾಬ್ ಕಾರ್ಡ್, ಅಂದರೆ ಗಾಡಿ ಬಿಡುವಾಗ ಮಾಡಬೇಕಾದ ಕೆಲಸ ಬರೆಯುವ ಚೀಟಿ, ಅದಕ್ಕೆ ಸಹಿ ಹಾಕುವ ಮೊದಲು ಓದಿ. ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ, "ಜನರಲ್ ಚೆಕಪ್" ಅಂತ ಬರೆಯಲು ಬಿಡಬೇಡಿ. "ಹಂಪಿನಲ್ಲಿ ಚೈನ್ ಸದ್ದು" ಅಂತ ಬರೆದರೆ ಕೆಲಸ ಮುಗಿದ ಮೇಲೆ ಅದೇ ಸಾಲಿಗೆ ಅವರು ಉತ್ತರ ಕೊಡಬೇಕು. ಕೋಟಿಂಗ್ ಬೇಡ, ಅಡಿಟಿವ್ ಬೇಡ ಅಂತ ಅಲ್ಲೇ ಬರೆಸಿ. ಅಂದಾಜು ಮೊತ್ತ ಕೇಳಿ, ಅದಕ್ಕಿಂತ ಜಾಸ್ತಿ ಆಗುವುದಾದರೆ ಫೋನ್ ಮಾಡಿ ಅನ್ನಿ. ಬದಲಾಯಿಸಿದ ಹಳೆ ಪಾರ್ಟ್ ವಾಪಸ್ ಕೇಳಿ. ಹಳೆ ಬ್ರೇಕ್ ಶೂ ಕೈಗೆ ಬಂದರೆ ಅದು ನಿಜವಾಗಿ ಸವೆದಿತ್ತಾ ಅಂತ ನೀವೇ ನೋಡಬಹುದು.

ಬೆಲೆ ಬಗ್ಗೆ ಇನ್ನೊಂದು. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆ ರೇಟಿನಲ್ಲೇ ಬಿಲ್ ಹಾಕುತ್ತಾರಾ ಅಂತ ಪ್ಯಾಕೆಟ್ ನೋಡಿ. ಹೊಸ ಗಾಡಿಯವರು ಫ್ರೀ ಸರ್ವಿಸ್ ಅಂದರೆ ಎಲ್ಲ ಫ್ರೀ ಅಂದುಕೊಳ್ಳುತ್ತಾರೆ, ಲೇಬರ್ ಮಾತ್ರ ಫ್ರೀ, ಆಯಿಲ್ ಮತ್ತು ಸವೆಯುವ ಪಾರ್ಟಿಗೆ ದುಡ್ಡು ಕೊಡಬೇಕು. ವಾರಂಟಿ ಇರುವ ತನಕ ಆ ಸರ್ವಿಸುಗಳನ್ನು ಹೊತ್ತಿಗೆ ಸರಿಯಾಗಿ ಕಂಪನಿಯಲ್ಲೇ ಮಾಡಿಸಿ ಬಿಲ್ ಇಟ್ಟುಕೊಳ್ಳಿ.

ಕೂಳೂರಿನವರೇ, ನೀವು ಬಿಲ್ ಹಿಡಿದುಕೊಂಡು ವಾಪಸ್ ಹೋಗಿ. ಆ ಮಣ್ಣು ಇದ್ದ ಬೋಲ್ಟಿನ ಫೋಟೋ ತೆಗೆದಿಡಿ, ಮುಟ್ಟಬೇಡಿ. ಅಡ್ವೈಸರ್ ಬೇಡ, ಸರ್ವಿಸ್ ಮ್ಯಾನೇಜರ್ ಹತ್ತಿರ ಮಾತಾಡಿ. ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ.

ಹಿರಿಯಡ್ಕ ಎಫ್‌ಐ

ಎಲ್ಲರೂ ಹೊರಗಿನ ಗ್ಯಾರೇಜ್ ಒಳ್ಳೆಯದು ಅನ್ನುವ ಹಾಗೆ ಕಾಣುತ್ತಿದೆ. ನನ್ನ ಅನುಭವ ಉಲ್ಟಾ, ಅದನ್ನೂ ಕೇಳಿ.

ನನ್ನದು ಬಿಎಸ್6 ಗಾಡಿ, ಅಂದರೆ ಹೊಸ ಹೊಗೆ ನಿಯಮದ್ದು. ಎಫ್‌ಐ, ಅಂದರೆ ಸೆನ್ಸರ್ ನೋಡಿ ಪೆಟ್ರೋಲ್ ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್. ಪರ್ಕಳ ಏರಿನಲ್ಲಿ ಮಿಸ್ಸಿಂಗ್ ಆಗುತ್ತಿತ್ತು, ಎಂಜಿನ್ ತಡೆತಡೆದು ಓಡುತ್ತಿತ್ತು, ಮೀಟರಿನಲ್ಲಿ ಹಳದಿ ಎಂಜಿನ್ ಲೈಟ್. ಪರಿಚಯದ ಗ್ಯಾರೇಜಿನಲ್ಲಿ ಮೂರು ಸಲ ಇಂಜೆಕ್ಟರ್ ಕ್ಲೀನ್ ಮಾಡಿದರು, ಪ್ಲಗ್ ಹಾಕಿದರು, ಪೆಟ್ರೋಲ್ ಖಾಲಿ ಮಾಡಿ ತುಂಬಿಸಿದರು. ಸಾವಿರದ ಮುನ್ನೂರು ಹೋಯಿತು, ಲೈಟ್ ಹೋಗಲಿಲ್ಲ. ಕೊನೆಗೆ ಕಂಪನಿಗೆ ಒಯ್ದೆ. ಸ್ಕ್ಯಾನರ್ ಹಾಕಿ ಹತ್ತು ನಿಮಿಷದಲ್ಲಿ ಯಾವ ಸೆನ್ಸರ್ ಅಂತ ತೋರಿಸಿದರು. ಸೆನ್ಸರ್ ಕೂಡ ಸರಿಯಿತ್ತು, ಅದರ ಕನೆಕ್ಟರಿನ ಒಳಗೆ ಹಸಿರು ಕಿಲುಬು ಹಿಡಿದಿತ್ತು, ಮಳೆ ನೀರು ಹೋಗಿ. ಸ್ಪ್ರೇ ಹೊಡೆದು ಒರೆಸಿ ಹಾಕಿದರು. 350 ತೆಗೆದುಕೊಂಡರು. ಸ್ಕ್ಯಾನರ್ ಇಲ್ಲದೆ ಆ ಕಿಲುಬು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹಾಗಾಗಿ ನಾನು ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದ ವ್ಯವಸ್ಥೆ), ಎಫ್‌ಐ, ವೈರಿಂಗ್ ಕೆಲಸಕ್ಕೆ ಕಂಪನಿಗೆ ಹೋಗುತ್ತೇನೆ. 2019ರ ಏಪ್ರಿಲ್ ನಂತರ ಬಂದ 125 ಸಿಸಿಗಿಂತ ದೊಡ್ಡ ಗಾಡಿಗಳಲ್ಲೆಲ್ಲ ಎಬಿಎಸ್ ಇದೆ. ಅದರ ಬ್ರೇಕ್ ಲೈನ್ ಕೆಲಸ ಗೊತ್ತಿಲ್ಲದವರ ಕೈಗೆ ಕೊಡಲು ನನಗೆ ಧೈರ್ಯ ಇಲ್ಲ.

ಹಳೆ ಸ್ಪ್ಯಾನರ್

ಹಿರಿಯಡ್ಕದವರು ಹೇಳಿದ್ದು ನೂರಕ್ಕೆ ನೂರು ಸರಿ. ಗೊತ್ತಿಲ್ಲ ಅಂತ ಹೇಳುವ ಮೆಕ್ಯಾನಿಕ್ ಹತ್ತಿರ ಹೋಗಿ. ನನ್ನ ಮಗ ಸ್ಕ್ಯಾನರ್ ತರಿಸಿದ್ದಾನೆ, ಆದರೂ ಎಲ್ಲ ಗಾಡಿಗೆ ಅದು ಹೊಂದುವುದಿಲ್ಲ, ಅಂಥದ್ದನ್ನು ಕಂಪನಿಗೇ ಕಳಿಸುತ್ತಾನೆ.

ಮಣಿಪಾಲದ ಹುಡುಗನಿಗೂ ಒಂದು ಮಾತು. ಕಾರಿಗೆ ತಂದು ಉಳಿದ ಆಯಿಲ್ ಬೈಕಿಗೆ ಯಾವತ್ತೂ ಹಾಕಬೇಡ. ಬೈಕಿನ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಜಾರಿಕೆ ಬರಲು ಬೇರೆ ವಸ್ತು ಸೇರಿಸಿರುತ್ತಾರೆ, ಅದರಿಂದ ಕ್ಲಚ್ ಪ್ಲೇಟೂ ಜಾರುತ್ತದೆ. ಕ್ಯಾನ್ ಮೇಲೆ ಜಾಸೊ (ಆಯಿಲ್‌ನ ಜಪಾನಿ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರಬೇಕು. ಸ್ಕೂಟರಿಗೆ ಬರುವುದು ಎಂಬಿ, ಅದನ್ನೂ ಬೈಕಿಗೆ ಹಾಕಬಾರದು. ಆಯಿಲ್ ಇಳಿಸುವ ಡ್ರೈನ್ ಬೋಲ್ಟನ್ನು ಜೋರಾಗಿ ಬಿಗಿಯಬೇಡ, ಎಂಜಿನ್ ಕೇಸ್ ಅಲ್ಯೂಮಿನಿಯಂ, ಥ್ರೆಡ್ ಹೋದರೆ ಉಳಿಸಿದ ಲೇಬರಿಗಿಂತ ಹೆಚ್ಚು ಖರ್ಚು.

ಮಣಿಪಾಲ 110

ಕಳೆದ ವರ್ಷ ಫ್ರೆಂಡ್ ಮನೆಯಲ್ಲಿ ಉಳಿದ ಕಾರ್ ಆಯಿಲ್ ಹಾಕಿದ್ದೆ ಸರ್. ಆಗುಂಬೆ ಘಾಟಿಯಲ್ಲಿ ಆರನೇ ತಿರುವಿಗೆ ಎಂಜಿನ್ ಕೂಗುತ್ತಿದೆ, ಗಾಡಿ ಏರುತ್ತಿಲ್ಲ. ಹಿಂದೆ ಕೂತವನನ್ನು ಇಳಿಸಿ ಮೇಲೆ ತಂದೆ. ಹದಿನಾಲ್ಕು ತಿರುವು ಮುಗಿಯುವಾಗ ಸಾಕುಸಾಕಾಯಿತು. ಯಾಕೆ ಹಾಗೆ ಆಯಿತು ಅಂತ ಈಗ ಗೊತ್ತಾಯಿತು.

ಕೂಳೂರು ಸವಾರ

ವಾಪಸ್ ಹೋಗಿದ್ದೆ. ಏನಾಯಿತು ಅಂತ ಬರೆಯುತ್ತೇನೆ.

ಮ್ಯಾನೇಜರ್ ಹತ್ತಿರ ಫೋಟೋ ತೋರಿಸಿದೆ. ವಾದ ಮಾಡಲಿಲ್ಲ. ಒಬ್ಬ ಹುಡುಗನನ್ನು ಕರೆದು ನನ್ನ ಎದುರಿಗೇ ಮಾಡಲು ಹೇಳಿದರು, ದುಡ್ಡು ಕೇಳಲಿಲ್ಲ. ಆದರೆ ಕೋಟಿಂಗಿನದು ವಾಪಸ್ ಇಲ್ಲ ಅಂದರು, ನಾನೇ ಸಹಿ ಹಾಕಿದ್ದೆನಲ್ಲ.

ಹುಡುಗ ಚೈನ್ ಬಿಗಿ ಮಾಡಲು ಹೋದ. ಒಂದು ಕಡೆ ಸರಿಯಾದರೆ ಚಕ್ರ ಅರ್ಧ ಸುತ್ತು ತಿರುಗಿದಾಗ ಇನ್ನೊಂದು ಕಡೆ ತಂತಿಯ ಹಾಗೆ ಬಿಗಿ. ಆಗ ಅವನೇ ಹಿಂದಿನ ಸ್ಪ್ರಾಕೆಟಿನ (ಚೈನ್ ಕೂರುವ ಹಲ್ಲುಚಕ್ರ) ಹತ್ತಿರ ಚೈನನ್ನು ಹಿಂದಕ್ಕೆ ಎಳೆದು ತೋರಿಸಿದ. ಚೈನ್ ಹಲ್ಲಿನಿಂದ ಎದ್ದು ಬಂತು, ಅರ್ಧ ಹಲ್ಲು ಕಾಣುತ್ತಿತ್ತು. ಹಲ್ಲುಗಳು ನೇರ ಇಲ್ಲ, ಎಲ್ಲ ಒಂದೇ ಕಡೆಗೆ ಬಾಗಿ ಗಾಳದ ಕೊಕ್ಕೆಯ ಹಾಗೆ ಆಗಿದ್ದವು. "ಇದು ಅಡ್ಜಸ್ಟಿಗೆ ಬರುವುದಿಲ್ಲ ಸರ್, ಕಿಟ್ ಹಾಕಬೇಕು" ಅಂದ. ಕಿಟ್ ಅಂದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್. ಒಂದು ನಿಮಿಷವೂ ಹಿಡಿಯಲಿಲ್ಲ ಅದನ್ನು ನೋಡಲು. ಮೊದಲನೇ ದಿನವೇ ಅವನು ಈ ಒಂದು ನಿಮಿಷ ನೋಡಿ ಹೇಳಿದ್ದರೆ ನಾನು ಸಂತೋಷದಿಂದ ಕಿಟ್ಟಿನ ದುಡ್ಡು ಕೊಡುತ್ತಿದ್ದೆ.

ಕಿಟ್ ನಾನು ಹೊರಗಿನಿಂದ ತಂದೆ, ಕಂಪನಿ ಪಾರ್ಟೇ, 1,850. ಬಿಜೈ ಕಡೆ ಸಹೋದ್ಯೋಗಿಯೊಬ್ಬರು ಹೇಳಿದ ಗ್ಯಾರೇಜಿಗೆ ಒಯ್ದೆ. ಕೂಲಿ 300 ಹೇಳಿದರು, 300 ಕೊಟ್ಟೆ, ಚೌಕಾಸಿ ಮಾಡಲಿಲ್ಲ. ಅವರು ಚಕ್ರ ಬಿಚ್ಚಿದಾಗ ಸ್ಪ್ರಾಕೆಟಿನ ಒಳಗಿನ ರಬ್ಬರ್ ಡ್ಯಾಂಪರ್ ಪುಡಿಯಾದದ್ದೂ ಕಂಡಿತು, ಅದನ್ನೂ ಹಾಕಿದರು. ಹ್ಯಾಂಡಲ್ ಆಚೀಚೆ ತಿರುಗಿಸಿ ನೋಡಿದರು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಸುತ್ತ ನೀರು ಹೋಗುವ ಸಣ್ಣ ತೂತು ಇರುತ್ತದಂತೆ, ಅದು ಮಣ್ಣಿನಿಂದ ಮುಚ್ಚಿತ್ತು, ತಂತಿ ಹಾಕಿ ಬಿಡಿಸಿದರು. ಇಲ್ಲದಿದ್ದರೆ ಮುಂದಿನ ಮಳೆಗೆ ನೀರು ಟ್ಯಾಂಕಿಗೇ ಇಳಿಯುತ್ತಿತ್ತು. ಇದಕ್ಕೆಲ್ಲ ಬೇರೆ ದುಡ್ಡು ಕೇಳಲಿಲ್ಲ, ನಾನೇ ನೂರು ಜಾಸ್ತಿ ಕೊಟ್ಟೆ.

ನಿನ್ನೆ ಅದೇ ಕೊಟ್ಟಾರ ಚೌಕಿ ಹಂಪ್ ಹಾರಿದೆ. ಸದ್ದು ಇಲ್ಲ.

@ಹಳೆ ಸ್ಪ್ಯಾನರ್, ಒಂದು ಕೇಳಬೇಕಿತ್ತು. ಮುಂದಿನ ಬ್ರೇಕಿನ ಫ್ಲೂಯಿಡ್ ತೆಗೆದುಕೊಂಡಾಗಿನಿಂದ ಬದಲಾಯಿಸಿಲ್ಲ. ಹ್ಯಾಂಡಲ್ ಮೇಲಿನ ಸಣ್ಣ ಗಾಜಿನಲ್ಲಿ ನೋಡಿದರೆ ಕಡುಚಹಾದ ಬಣ್ಣ ಇದೆ. ಬಿಲ್ಲಿನಲ್ಲಿ ಅದರ ಮಾತೇ ಇರಲಿಲ್ಲ. ತಡ ಮಾಡಬಹುದಾ?

ಹಳೆ ಸ್ಪ್ಯಾನರ್

ತಡ ಮಾಡಬೇಡಿ. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರ ಇಲ್ಲ. ನೀರು ಸೇರಿದ ಫ್ಲೂಯಿಡ್ ಘಾಟಿ ಇಳಿಯುವಾಗ ಬಿಸಿಯಾಗಿ ಒಳಗೆ ಗುಳ್ಳೆ ಬಂದರೆ ಲಿವರ್ ಹಿಡಿಗೆ ತಾಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು, ನಿಮ್ಮದು ನಾಲ್ಕು ದಾಟಿದೆ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಿಸಿ. ಸೀಲ್ ಒಡೆಯದ ಹೊಸ ಬಾಟಲಿ ನಿಮ್ಮ ಎದುರೇ ಒಡೆಯಲು ಹೇಳಿ. ಟ್ಯಾಂಕಿನ ಮೇಲೆ ದಪ್ಪ ಒದ್ದೆ ಬಟ್ಟೆ ಹಾಸಿ, ಒಂದು ಹನಿ ಬಿದ್ದರೂ ಪೇಂಟ್ ಎದ್ದು ಬರುತ್ತದೆ. ನಿಮ್ಮದರಲ್ಲಿ ಎಬಿಎಸ್ ಇರುವುದರಿಂದ ಈ ಕೆಲಸಕ್ಕೆ ಕಂಪನಿಗೇ ಹೋಗಿ, ಜಾಬ್ ಕಾರ್ಡಿನಲ್ಲಿ ಅದೊಂದೇ ಸಾಲು ಬರೆಸಿ.

ಕೂಳೂರು ಸವಾರ

ಸೋಮವಾರ ಬೆಳಿಗ್ಗೆಗೆ ಬುಕ್ ಮಾಡಿದೆ. ಅರ್ಧ ದಿನ ರಜೆ ಹಾಕಿದ್ದೇನೆ, ಪಕ್ಕದಲ್ಲೇ ನಿಂತು ನೋಡುತ್ತೇನೆ.